ದಿನಾ ತೊಡುವ ರವಿಕೆಗೂ ಒಂದು ಪುಟ ಕೊಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರದ ಪುರವಣಿಯಲ್ಲಿ ಮದುವೆ ರವಿಕೆಗಳ ಬಗ್ಗೆ ಪೂರ್ತಿ ಒಂದು ಪುಟ ಹಾಕಿದ್ದೀರಿ. ಬೆನ್ನ ಮೇಲೆ ಪಲ್ಲಕ್ಕಿ, ತೋಳಿನ ಮೇಲೆ ಮದುಮಗ-ಮದುಮಗಳ ಮುಖ, ಜರ್ದೋಸಿ, ಮುತ್ತು, ಕುಂದಣ. ಚಿತ್ರಗಳು ಚೆನ್ನಾಗಿದ್ದವು. ನಾನೂ ಕನ್ನಡಕ ಏರಿಸಿಕೊಂಡು ಒಂದೊಂದನ್ನೇ ನೋಡಿದೆ. ಆದರೆ ಸಂಪಾದಕರೇ, ಆ ರವಿಕೆ ತೊಟ್ಟ ಹುಡುಗಿ ಮರುವಾರ ಕೆಲಸಕ್ಕೆ ಹೋಗುವಾಗ ಏನು ತೊಡುತ್ತಾಳೆ? ಅದರ ಬಗ್ಗೆ ಯಾರೂ ಬರೆಯುವುದಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾದರೆ ಕ್ಷಮಿಸಿ, ಕತ್ತರಿ ನಿಮ್ಮ ಕೈಯಲ್ಲೇ ಇದೆ.

ನಾನು ಹುಟ್ಟಿದ್ದು ಧಾರವಾಡದಲ್ಲಿ. ಮದುವೆಯಾಗಿ ಡೊಂಬಿವಲಿಗೆ ಬಂದು 34 ವರ್ಷವಾಯಿತು. ಅದರಲ್ಲಿ 29 ವರ್ಷ ಬೆಳಿಗ್ಗೆ 8.12ರ ಲೋಕಲ್ ಹಿಡಿದು ಫೋರ್ಟಿನ ಒಂದು ಕಚೇರಿಗೆ ಹೋಗಿಬಂದಿದ್ದೇನೆ, ಯಾವಾಗಲೂ ಸೀರೆಯಲ್ಲೇ. ನಮ್ಮ ಹೆಂಗಸರ ಡಬ್ಬಿಯಲ್ಲಿ ಕನ್ನಡದವರದ್ದೇ ಒಂದು ಗುಂಪಿತ್ತು. ಉಡುಪಿ ಕಡೆಯವರು ರವಕೆ ಅನ್ನುತ್ತಿದ್ದರು. ನಾನು ಜಂಪರ್ ಅಂದರೆ ಅವರಿಗೆ ನಗು. ವಿಜಯಪುರದ ಒಬ್ಬರು ಕುಪ್ಪಸ ಅನ್ನುತ್ತಿದ್ದರು. ಮರಾಠಿಯವರು ಬ್ಲೌಸ್ ಅಂತ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು. ಹೆಸರು ಯಾವುದಾದರೂ ಇರಲಿ, ಮುಂಬೈ ಲೋಕಲ್‌ನಲ್ಲಿ ಅದರ ಪಾಡು ಒಂದೇ. ಹೆಗಲ ಮೇಲೆ ಬ್ಯಾಗಿನ ಪಟ್ಟಿ ಉಜ್ಜುತ್ತದೆ. ಮೇಲಿನ ಹಿಡಿಕೆ ಹಿಡಿದು ನಿಂತರೆ ಕಂಕುಳ ಹೊಲಿಗೆ ಎಳೆಯುತ್ತದೆ. ಅಕ್ಟೋಬರ್ ಸೆಕೆಯಲ್ಲಿ ಬೆನ್ನು ಪೂರ್ತಿ ಒದ್ದೆ. ಮಳೆಗಾಲದಲ್ಲಿ ಒಗೆದದ್ದು ಎರಡು ದಿನವಾದರೂ ಒಣಗುವುದಿಲ್ಲ.

ಇಷ್ಟೆಲ್ಲಾ ತಡೆದುಕೊಂಡು, ನೋಡಲಿಕ್ಕೂ ಚೆಂದ ಇರಬೇಕು ಅನ್ನುವುದು ನನ್ನ ಹಟವಾಗಿತ್ತು. ಮೊದಮೊದಲು ಏಟೂ ತಿಂದೆ. ಒಂದು ಸಲ ಕನ್ನಡಿ ಕೆಲಸದ ತೋಳಿನ ರವಿಕೆ ತೊಟ್ಟು ಹೊರಟೆ. ಠಾಣೆಯಲ್ಲಿ ಹತ್ತಿದ ಒಬ್ಬ ಹುಡುಗಿಯ ದುಪಟ್ಟಾ ಕನ್ನಡಿಯ ಅಂಚಿಗೆ ಸಿಕ್ಕಿಕೊಂಡಿತು. ಘಾಟ್ಕೋಪರ್‌ನಲ್ಲಿ ಅವಳು ಇಳಿಯಬೇಕು, ನಾನು ಇಳಿಯಬಾರದು. ಇಡೀ ಡಬ್ಬಿಗೆ ಡಬ್ಬಿಯೇ ಸಲಹೆ ಕೊಡುತ್ತಿತ್ತು. ಕೊನೆಗೆ ಮೆಂತ್ಯ ಸೊಪ್ಪು ಸೋಸುತ್ತಿದ್ದ ಒಬ್ಬರು ಸಣ್ಣ ಚಾಕು ಕೊಟ್ಟರು. ಕನ್ನಡಿ ಅವಳ ದುಪಟ್ಟಾದ ಜೊತೆಗೆ ಘಾಟ್ಕೋಪರ್‌ನಲ್ಲಿ ಇಳಿಯಿತು. ಅವತ್ತಿನಿಂದ ಕನ್ನಡಿ, ಮಣಿ, ಜರಿ ಯಾವುದೂ ನನ್ನ ಕಚೇರಿ ರವಿಕೆಗೆ ಬರಲಿಲ್ಲ.

ಕಚೇರಿಯಲ್ಲಿ ಒಬ್ಬ ಹಿರಿಯ ಪಾರ್ಸಿ ಹೆಂಗಸು ಇದ್ದರು. ಅವರ ಮನೆಗೆ ಊಟಕ್ಕೆ ಹೋದಾಗ ತಮ್ಮ ಅಜ್ಜಿಯ ಗಾರಾ ಸೀರೆ ತೋರಿಸಿದರು. ಕಪ್ಪು ರೇಷ್ಮೆಯ ಮೇಲೆ ಬಿಳಿ ಹೂ, ಕೊಕ್ಕರೆ, ಒಂದು ಬೆರಳಿಡಲೂ ಜಾಗ ಬಿಡದ ಕಸೂತಿ. ಮೆತ್ತನೆಯ ಮಲ್‌ಮಲ್ ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿ ಇಟ್ಟಿದ್ದರು. ಎಷ್ಟು ಸಲ ಉಟ್ಟಿದ್ದೀರಿ ಅಂತ ಕೇಳಿದೆ. ಮೂರು ಸಲ ಅಂದರು. ನನಗೆ ಅದು ಹೊಟ್ಟೆಕಿಚ್ಚು ತರಲಿಲ್ಲ, ಸ್ವಲ್ಪ ಸಂಕಟ ತಂದಿತು. ನಮ್ಮ ಧಾರವಾಡದ ಮನೆಯಲ್ಲೂ ಅತ್ತೆಯ ಚಂದ್ರಕಾಳಿ ಸೀರೆ ಹೀಗೇ ಟ್ರಂಕಿನ ತಳದಲ್ಲಿ ಇತ್ತು. ಕಪ್ಪು ಸೀರೆ, ಮೇಲೆ ಕಸೂತಿಯ ತೇರು, ಗೋಪುರ, ಆನೆ ಅಂಬಾರಿ. ಅದನ್ನು ತೆಗೆದು ಬಿಸಿಲಿಗೆ ಹಾಕುವ ದಿನ ನಮಗೆಲ್ಲ ಹಬ್ಬ. ಉಡುವ ದಿನ ಮಾತ್ರ ಬರಲೇ ಇಲ್ಲ.

ಅತ್ತೆ ಅಂದರೆ ನನ್ನ ಸೋದರತ್ತೆ. ಕಸೂತಿ ಕಲಿಸಿದ್ದು ಅವರೇ. ಬಟ್ಟೆಯ ಮೇಲೆ ಪೆನ್ಸಿಲ್ ಮುಟ್ಟಿಸಲು ಬಿಡುತ್ತಿರಲಿಲ್ಲ. ಎಳೆ ಎಣಿಸಬೇಕು, ಎಣಿಸುತ್ತಾ ಹೋಗಬೇಕು, ಅಷ್ಟೇ. ನಾಲ್ಕು ಬಗೆಯ ಹೊಲಿಗೆ. ಗವಂತಿ ಅಂದರೆ ಒಂದು ಬಿಟ್ಟು ಒಂದು ಹೊಲಿಗೆ ಹಾಕುತ್ತಾ ಹೋಗಿ, ಅದೇ ದಾರಿಯಲ್ಲಿ ವಾಪಸು ಬರುತ್ತಾ ಖಾಲಿ ಜಾಗ ತುಂಬುವುದು. ಮುರಗಿಯೂ ಹಾಗೇ, ಆದರೆ ಮೆಟ್ಟಿಲು ಮೆಟ್ಟಿಲಾಗಿ. ನೇಯ್ಗಿ ಹೆಸರೇ ಹೇಳುವ ಹಾಗೆ ನೇಯ್ದಂತೆ ಕಾಣುತ್ತದೆ. ಮೆಂತಿ ಅಂದರೆ ಮೆಂತ್ಯದ ಕಾಳಿನ ಹಾಗೆ ಪುಟ್ಟ ಪುಟ್ಟ ಕತ್ತರಿ ಹೊಲಿಗೆ. ಗಂಟು ಹಾಕುವ ಹಾಗಿಲ್ಲ. ದಾರದ ತುದಿಯನ್ನು ಹೊಲಿಗೆಯ ಅಡಿಯಲ್ಲೇ ಮರೆಮಾಡಬೇಕು. ಗವಂತಿ, ಮುರಗಿ ಸರಿಯಾಗಿ ಬಿದ್ದರೆ ಬಟ್ಟೆಯ ಹಿಂದೆ ಮುಂದೆ ಒಂದೇ ಥರ ಕಾಣುತ್ತದೆ. ನಾನು ಏನಾದರೂ ಹೊಲಿದು ತೋರಿಸಿದರೆ ಅತ್ತೆ ಕೂಡಲೇ ಬಟ್ಟೆ ತಿರುಗಿಸುತ್ತಿದ್ದರು. "ಹಿಂದ ಮೊದಲ ನೋಡಬೇಕವಾ. ಮುಂದ ಊರೆಲ್ಲಾ ನೋಡತದ" ಅನ್ನುತ್ತಿದ್ದರು. ಈ ಮಾತು ಮುಂದೆ ಇದೇ ಪತ್ರದಲ್ಲಿ ಕೆಲಸಕ್ಕೆ ಬರುತ್ತದೆ.

ಮುಂಬೈಗೆ ಬಂದ ಮೇಲೆ ಅತ್ತೆಯ ಕಸೂತಿಯನ್ನು ಕಚೇರಿ ರವಿಕೆಗೆ ಇಳಿಸಿದೆ. ಇಳಿಸಿದೆ ಅನ್ನುವ ಮಾತು ಅವರಿಗೆ ಇಷ್ಟವಾಗುತ್ತಿರಲಿಲ್ಲ, ಆದರೆ ನಿಜ. ದಾದರಿನ ಮ್ಯಾಚಿಂಗ್ ಸೆಂಟರಿನಲ್ಲಿ ಟೂ ಬೈ ಟೂ ರುಬಿಯಾ ಅನ್ನುವ ರವಿಕೆ ಬಟ್ಟೆ ಸಿಗುತ್ತದೆ, ಯಾವ ಸೀರೆಗೆ ಬೇಕೋ ಆ ಬಣ್ಣ. ಒಗೆಯಲು ಗಟ್ಟಿ, ಬೆವರಿಗೂ ಒಳ್ಳೆಯದು. ಒಂದೇ ತೊಂದರೆ, ಎಳೆ ತುಂಬಾ ಸಣ್ಣ. ಎಣಿಸಲು ಹೋದರೆ ಕಣ್ಣು ಹೋಗುತ್ತದೆ. ಅದಕ್ಕೆ ಉಪಾಯ ಇದೆ. ಜಾಳಿಯಾಗಿರುವ ಕ್ಯಾನ್ವಾಸ್ ಬಟ್ಟೆಯ ತುಂಡನ್ನು ರುಬಿಯಾ ಮೇಲೆ ಇಟ್ಟು ಕಚ್ಚಾ ಹೊಲಿಗೆ ಹಾಕಿಕೊಳ್ಳಬೇಕು. ಎಣಿಕೆಯೆಲ್ಲ ಕ್ಯಾನ್ವಾಸಿನ ಮೇಲೆ. ಹೊಲಿಗೆ ಮುಗಿದ ಮೇಲೆ ಕ್ಯಾನ್ವಾಸಿನ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆದರೆ ಕಸೂತಿ ಮಾತ್ರ ಬಟ್ಟೆಯ ಮೇಲೆ ಉಳಿಯುತ್ತದೆ. ಎಳೆ ಎಳೆಯುವಾಗ ಮನಸ್ಸಿಗೆ ಆಗುವ ಸಮಾಧಾನ ಬಟಾಣಿ ಸುಲಿಯುವಾಗ ಆಗುತ್ತದಲ್ಲ, ಅಂಥದ್ದು.

ಎಲ್ಲಿ ಹೊಲಿಯಬೇಕು ಅನ್ನುವುದನ್ನು ಮಾತ್ರ ಅತ್ತೆ ಕಲಿಸಲಿಲ್ಲ, ರೈಲು ಕಲಿಸಿತು. ಎದೆಯ ಎಡಭಾಗಕ್ಕೆ ಕಸೂತಿ ದಂಡ, ಸೆರಗು ಮುಚ್ಚುತ್ತದೆ. ಹೆಗಲಿಗೆ ಬೇಡ, ಬ್ಯಾಗಿನ ಪಟ್ಟಿ ಮೂರು ತಿಂಗಳಲ್ಲಿ ದಾರ ಮೇಲೇಳಿಸುತ್ತದೆ. ಕಂಕುಳ ಹತ್ತಿರ, ಪಕ್ಕದ ಹೊಲಿಗೆಯ ಹತ್ತಿರ ಬೇಡವೇ ಬೇಡ. ನಾವು ಪ್ರತಿ ಎರಡು ವರ್ಷಕ್ಕೆ ಒಳಗಿನ ಮಾರ್ಜಿನ್ ಬಿಚ್ಚಿ ದೊಡ್ಡದು ಮಾಡುವವರು, ಅಲ್ವಾ? ಉಳಿದದ್ದು ತೋಳಿನ ಅಂಚು ಮತ್ತು ಬೆನ್ನಿನ ಕುತ್ತಿಗೆಯ ಕೆಳಗೆ ಒಂದು ಅಂಗೈಯಷ್ಟು ಜಾಗ. ಅಷ್ಟು ಸಾಕು. ತೋಳಿನಂಚಿಗೆ ಒಂದು ಬೆರಳು ಅಗಲದ ಮುರಗಿ ಪಟ್ಟಿ, ಬೆನ್ನಿಗೆ ಒಂದು ಪುಟ್ಟ ಗೋಪುರ ಅಥವಾ ತುಳಸಿಕಟ್ಟೆ. ಬೂದು ಬಣ್ಣದ ರವಿಕೆಗೆ ಕುಂಕುಮ ಬಣ್ಣದ ದಾರ, ಬಿಳಿಯದಕ್ಕೆ ಕಪ್ಪು. ಸೀರೆ ಸಾದಾ ಕಾಟನ್ ಆಗಿದ್ದರೂ ಇಷ್ಟು ಕೆಲಸ ಇಡೀ ಉಡುಪನ್ನು ಎತ್ತಿ ಹಿಡಿಯುತ್ತದೆ. ಕುರ್ಲಾದಲ್ಲಿ ಹತ್ತುವ ಒಬ್ಬ ಅಪರಿಚಿತ ಹೆಂಗಸು ಒಂದು ದಿನ ನನ್ನ ಬೆನ್ನಿನ ಗೋಪುರದ ಮೆಟ್ಟಿಲು ಎಣಿಸುತ್ತಿದ್ದಳು. ಹಿಂದಿನಿಂದ ಮರಾಠಿಯಲ್ಲಿ ಮೆಲ್ಲಗೆ ಎಣಿಕೆ ಕೇಳಿಸುತ್ತಿತ್ತು. ನಾನು ಅಲುಗದೆ ನಿಂತೆ, ಎಣಿಕೆ ತಪ್ಪಬಾರದಲ್ಲ.

ಗುಳೇದಗುಡ್ಡದ ಖಣ ಅನ್ನುವ ರವಿಕೆ ಬಟ್ಟೆಯ ವಿಷಯವನ್ನೂ ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. ಖಣ ಈಗ ಮುಂಬೈಯಲ್ಲಿ ಎಲ್ಲೆಲ್ಲೂ ಇದೆ. ಕುರ್ತಾ, ಪರ್ಸು, ಬಾಗಿಲ ತೋರಣ ಎಲ್ಲ ಅದರಲ್ಲೇ. ಮರಾಠಿ ಗೆಳತಿಯರು ಅದು ತಮ್ಮದೇ ಅಂದುಕೊಂಡಿದ್ದಾರೆ. ಬಾಗಲಕೋಟೆ ಜಿಲ್ಲೆಯ ಊರು ಅಂದರೆ ಆಶ್ಚರ್ಯಪಡುತ್ತಾರೆ. ಅವರೂ ಓಟಿ ತುಂಬುತ್ತಾರೆ, ನಾವೂ ಉಡಿ ತುಂಬುತ್ತೇವೆ, ಎರಡರಲ್ಲೂ ಖಣ ಇರುತ್ತದೆ. ಜಗಳ ಬೇಡ. ಆದರೆ ಖಣದಲ್ಲಿ ನೇಯ್ಗೆಯಲ್ಲೇ ಬುಟ್ಟಾ ಇರುತ್ತದೆ. ಅದರ ಮೇಲೆ ಮತ್ತೆ ಕಸೂತಿ ಹಾಕುವುದು ಹೋಳಿಗೆಗೆ ಸಕ್ಕರೆ ಉದುರಿಸಿದ ಹಾಗೆ.

ಈಗ ಪತ್ರ ಬರೆಯಲು ನಿಜವಾದ ಕಾರಣ.

ಕಳೆದ ನವೆಂಬರಿನಲ್ಲಿ ರಾಜ್ಯೋತ್ಸವದ ಹೊತ್ತಿಗೆ ನಮ್ಮ ಕಡೆ ಒಂದು ಮಾರಾಟ ಮೇಳ ನಡೆಯಿತು. ಯಾರದ್ದು, ಎಲ್ಲಿ ಅಂತ ಹೇಳುವುದಿಲ್ಲ. ಒಂದು ಮಳಿಗೆಯ ಮೇಲೆ ದೊಡ್ಡ ಬೋರ್ಡು, "ಧಾರವಾಡದ ಕೈ ಕಸೂತಿ ಬ್ಲೌಸ್, ದಿನಬಳಕೆಗೆ". ನನ್ನ ಕಾಲು ಅಲ್ಲೇ ನಿಂತಿತು. ಹತ್ತಿ ಬಟ್ಟೆ, ತೋಳಿಗೆ ಪಟ್ಟಿ, ಬೆನ್ನಿಗೆ ಗೋಪುರ. ನಾನು ಇಷ್ಟು ವರ್ಷ ಮಾಡುತ್ತಾ ಬಂದದ್ದೇ. ಬೆಲೆ 650 ರೂಪಾಯಿ, ಹೊಲಿಗೆಯೂ ಸೇರಿ. ಒಳಗೆ ಲೈನಿಂಗ್ ಇದ್ದದ್ದರಿಂದ ಹಿಂಭಾಗ ಕಾಣುತ್ತಿರಲಿಲ್ಲ. ಹಬ್ಬದ ಗಡಿಬಿಡಿ, ಊರಿನ ಹೆಸರು ಬೇರೆ. ಸೊಸೆಗೆ ಹಸಿರು, ನನಗೆ ಕೆಂಪು, ಎರಡು ಕೊಂಡೆ.

ಮನೆಗೆ ಬಂದು ಎರಡನ್ನೂ ಹಾಸಿಗೆ ಮೇಲೆ ಪಕ್ಕಪಕ್ಕ ಹರಡಿದೆ. ಕೆಂಪಿನ ಗೋಪುರದಲ್ಲಿ ಎಡಗಡೆಯ ಮೂರನೇ ಮೆಟ್ಟಿಲಲ್ಲಿ ಒಂದು ಹೊಲಿಗೆ ಇರಲಿಲ್ಲ. ಆಗಲಿ, ಪಾಪ, ಯಾರಿಗೋ ಎಣಿಕೆ ತಪ್ಪಿದೆ ಅಂದುಕೊಂಡೆ. ನನಗೂ ತಪ್ಪುತ್ತದೆ. ಹಸಿರನ್ನು ನೋಡಿದೆ. ಎಡಗಡೆ, ಮೂರನೇ ಮೆಟ್ಟಿಲು, ಅದೇ ಹೊಲಿಗೆ ಇಲ್ಲ. ಒಬ್ಬಳಿಗೆ ತಪ್ಪಬಹುದು. ಇಬ್ಬರಿಗೆ ಅದೇ ಜಾಗದಲ್ಲಿ ತಪ್ಪುತ್ತದೆಯೇ? ಅತ್ತೆಯ ಮಾತು ನೆನಪಾಯಿತು. ಕತ್ತರಿ ತಂದು ಕೆಂಪು ರವಿಕೆಯ ಲೈನಿಂಗನ್ನು ಬೆನ್ನಿನ ಹತ್ತಿರ ನಾಲ್ಕು ಬೆರಳು ಬಿಚ್ಚಿದೆ. ಒಳಗೆ ಕಾಗದದಂಥ ಬಿಳಿ ಗಟ್ಟಿ ತುಂಡು. ಮುಂದೆ ಹಳದಿ ದಾರದ ಗೋಪುರ, ಹಿಂದೆ ಅದೇ ಆಕಾರದಲ್ಲಿ ಬಿಳಿ ದಾರ. ಅದು ಮಷಿನ್ನಿನ ಕೆಳಗಿನ ಬಾಬಿನ್ ದಾರ, ಆ ಗಟ್ಟಿ ತುಂಡೂ ಮಷಿನ್ ಹೊಲಿಗೆಗೆ ಬಟ್ಟೆಯ ಹಿಂದೆ ಇಡುವಂಥದ್ದೇ. ಕೈಯಲ್ಲಿ ಒಂದೇ ಸೂಜಿ, ಒಂದೇ ದಾರ ಇರುತ್ತದೆ. ಮುಂದೊಂದು ಬಣ್ಣ ಹಿಂದೊಂದು ಬಣ್ಣ ಬರುವುದು ಹೇಗೆ? ಕಂಪ್ಯೂಟರಿಗೆ ಹಾಕಿಕೊಟ್ಟ ನಕ್ಷೆಯಲ್ಲೇ ಒಂದು ಹೊಲಿಗೆ ಬಿಟ್ಟುಹೋಗಿದೆ. ಮಷಿನ್ ಪಾಪ ಅದನ್ನು ಚಾಚೂ ತಪ್ಪದೆ ಪಾಲಿಸಿದೆ.

ಮರುದಿನ ಮೇಳಕ್ಕೆ ಹೋದೆ. ಮಳಿಗೆಯ ಹುಡುಗ ಒಳ್ಳೆಯವನೇ. ಮೊದಲು ಚೀಟಿ ತೋರಿಸಿದ. "ನೋಡಿ ಆಂಟಿ, ಹ್ಯಾಂಡ್‌ಲೂಮ್ ಮಾರ್ಕ್ ಇದೆ" ಅಂದ. ಇದೆ, ಸರಿ. ಆದರೆ 2006ರಲ್ಲಿ ಬಂದ ಆ ಗುರುತು ಬಟ್ಟೆ ಕೈಮಗ್ಗದ್ದು ಅಂತ ಹೇಳುತ್ತದೆ. ಅದರ ಮೇಲಿನ ಕಸೂತಿ ಯಾರು ಮಾಡಿದರು, ಯಾವುದರಲ್ಲಿ ಮಾಡಿದರು ಅಂತ ಹೇಳುವುದಿಲ್ಲ. ಇದನ್ನು ಹೇಳಿದೆ. ಆಗ ಅವನು ನಕ್ಕುಬಿಟ್ಟ. "ಆಂಟಿ, 650ಕ್ಕೆ ಕೈ ಕಸೂತಿ ಯಾರು ಕೊಡ್ತಾರೆ? ನಿಮಗೇ ಗೊತ್ತಿರಬೇಕಲ್ಲ" ಅಂದ.

ನನ್ನ ಬಾಯಿ ಕಟ್ಟಿಹೋಯಿತು. ಹುಡುಗ ಹೇಳಿದ್ದು ನಿಜ. ನಾನು ಒಂದು ರವಿಕೆಯ ಎರಡು ತೋಳಂಚು, ಒಂದು ಪುಟ್ಟ ಗೋಪುರ ಹೊಲಿಯಲು ಏನಿಲ್ಲವೆಂದರೂ 16 ಗಂಟೆ ತೆಗೆದುಕೊಳ್ಳುತ್ತೇನೆ. ಗಂಟೆಗೆ 60 ರೂಪಾಯಿ ಹಿಡಿದರೂ 960 ಆಯಿತು. ಬಟ್ಟೆ, ಲೈನಿಂಗ್, ದಾರಕ್ಕೆ 350. ನಮ್ಮ ಟೈಲರ್ ಮಾಸ್ಟರಿಗೆ 550. ಒಟ್ಟು 1,860 ರೂಪಾಯಿ, ಅದೂ ಯಾರಿಗೂ ಲಾಭ ಇಲ್ಲದೆ. ಈ ಲೆಕ್ಕ ಮೇಳದಲ್ಲೇ ನನ್ನ ತಲೆಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ, ಯಾಕೆಂದರೆ ನನಗೆ ಕಡಿಮೆಗೆ ಬೇಕಿತ್ತು. ಮನೆಯಲ್ಲಿ ಕೂತು ಮಾಡಿದ ಕೆಲಸಕ್ಕೆ ನಾವು ಹೆಂಗಸರೇ ಬೆಲೆ ಕಟ್ಟುವುದಿಲ್ಲ, ಬೇರೆಯವರು ಯಾಕೆ ಕಟ್ಟುತ್ತಾರೆ? ಹಾಗಂತ ಬೋರ್ಡಿನ ಮೇಲಿನ ಸುಳ್ಳು ನಿಜ ಆಗುವುದಿಲ್ಲ. "ಹಾಗಾದ್ರೆ ಕೈ ಅನ್ನೋ ಅಕ್ಷರ ಒರೆಸಿಬಿಡಪ್ಪಾ, ಉಳಿದದ್ದು ಹಾಗೇ ಇರಲಿ" ಅಂದೆ. "ಓನರ್ ಕೇಳ್ಬೇಕು" ಅಂದ. ದುಡ್ಡು ವಾಪಸು ಕೇಳಲಿಲ್ಲ, ಲೈನಿಂಗ್ ಬಿಚ್ಚಿದ್ದು ನಾನೇ ತಾನೇ.

ಮಷಿನ್ ಕಸೂತಿಯ ಮೇಲೆ ನನಗೆ ಸಿಟ್ಟಿಲ್ಲ ಸಂಪಾದಕರೇ. ಸೊಸೆ ಆ ಹಸಿರು ರವಿಕೆಯನ್ನು ವಾರಕ್ಕೊಮ್ಮೆ ತೊಡುತ್ತಾಳೆ, ಚೆನ್ನಾಗಿಯೇ ಕಾಣುತ್ತದೆ. ಬಣ್ಣ ಬಿಟ್ಟಿಲ್ಲ. ಒಳಗಿನ ಕಾಗದದ ತುಂಡು ಮಾತ್ರ ಬೆನ್ನಿಗೆ ಸ್ವಲ್ಪ ಬಿರುಸು ಅನ್ನುತ್ತಾಳೆ. ಎಲ್ಲರಿಗೂ 1,860 ಕೊಡಲು ಆಗುವುದಿಲ್ಲ, ನನಗೂ ಆಗುವುದಿಲ್ಲ. ಆದರೆ ಕರ್ನಾಟಕದ ಕಸೂತಿಗೆ ಜಿಐ ಮಾನ್ಯತೆ ಇದೆ, ಅಂದರೆ ಈ ಕೆಲಸ ಈ ನೆಲದ್ದೇ ಅನ್ನುವ ಸರ್ಕಾರದ ಗುರುತು. ಸಂಡೂರಿನ ಲಂಬಾಣಿ ಕಸೂತಿಗೂ ಇದೆ, ಇಳಕಲ್ ಸೀರೆಗೂ ಇದೆ. ಇಷ್ಟು ಹೆಸರು ಮಾಡಿದ ಕೆಲಸದ ಹೆಸರನ್ನು ಹೀಗೆ ಸುಮ್ನೆ ಬೋರ್ಡಿಗೆ ಬರೆದರೆ, ನಿಜವಾಗಿ ಎಳೆ ಎಣಿಸುವವಳು ತನ್ನ ರವಿಕೆಯನ್ನು ಯಾವ ಬೆಲೆಗೆ ಮಾರಬೇಕು? ಪಕ್ಕದ ಮಳಿಗೆಯಲ್ಲಿ 650ಕ್ಕೆ ಸಿಗುತ್ತದಲ್ಲ ಅನ್ನುತ್ತಾರೆ. ಕೈ ಮತ್ತು ಸೂತಿ, ಅಂದರೆ ಹತ್ತಿ ದಾರ, ಸೇರಿ ಕಸೂತಿ ಆಯಿತು ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ಈಗ ಅದರ ಮುಂದೆ ಮತ್ತೊಮ್ಮೆ "ಕೈ" ಅಂತ ಸೇರಿಸಿ ಹೇಳಬೇಕಾಗಿದೆ. ಅದೂ ಸುಳ್ಳೇ ಆಗಿರಬಹುದು!

ಮುಂಬೈ, ಠಾಣೆ, ನವಿ ಮುಂಬೈಯಲ್ಲಿ ನಮ್ಮ ಕನ್ನಡ ಸಂಘಗಳು ಎಷ್ಟೊಂದಿವೆ. ರಾಜ್ಯೋತ್ಸವಕ್ಕೆ ಮಳಿಗೆ ಹಾಕಲು ಜಾಗ ಕೊಡುವಾಗ ಅವರು ಒಂದೇ ಒಂದು ಷರತ್ತು ಹಾಕಲಿ. ಚೀಟಿಯ ಮೇಲೆ "ಕೈಯದು" ಅಥವಾ "ಮಷಿನ್ನಿನದು" ಅಂತ ಬರೆಯಬೇಕು. ಮತ್ತೆ, ಕೈಯದು ಅಂತ ಬರೆದಿದ್ದರೆ ಬೆನ್ನಿನ ಕಡೆ ಲೈನಿಂಗನ್ನು ಒಂದಿಷ್ಟು ಹೊಲಿಯದೆ ಬಿಡಲಿ. ಕೊಳ್ಳುವವಳು ಬೆರಳು ಹಾಕಿ ತಿರುಗಿಸಿ ನೋಡಲಿ. ಮನೆಗೆ ಹೋಗಿ ಐದು ನಿಮಿಷದಲ್ಲಿ ಹೊಲಿದುಕೊಳ್ಳುತ್ತಾಳೆ. ನೋಡುವವರಿಗೆ ಒಂದು ಮಾತು: ನೇಯ್ಗಿ, ಮೆಂತಿಯಲ್ಲಿ ಹಿಂದೆ ಮುಂದೆ ಒಂದೇ ಥರ ಇರುವುದಿಲ್ಲ. ಅದು ನೋಡಿ ಮಷಿನ್ ಅಂತ ಜಗಳ ತೆಗೆಯಬೇಡಿ. ಹಿಂದಿನ ದಾರದ ಬಣ್ಣ ನೋಡಿ, ಕಾಗದದಂಥ ತುಂಡು ಇದೆಯಾ ನೋಡಿ. ಒಂದೇ ಥರದ ಎರಡು ಇದ್ದರೆ ಪಕ್ಕಪಕ್ಕ ಇಟ್ಟು ತಪ್ಪು ಹುಡುಕಿ.

ಇನ್ನು ನೀವೇ ಹೊಲಿಸಿಕೊಳ್ಳುವುದಾದರೆ ನನ್ನ ಅನುಭವದ ನಾಲ್ಕು ಮಾತು. ಬಟ್ಟೆ, ಲೈನಿಂಗ್ ಎರಡನ್ನೂ ರಾತ್ರಿಯಿಡೀ ನೀರಲ್ಲಿ ನೆನೆಸಿ ಒಣಗಿಸಿಯೇ ಕೆಲಸ ಶುರು ಮಾಡಿ. ಇಲ್ಲವಾದರೆ ಮೊದಲ ಒಗೆತಕ್ಕೆ ಲೈನಿಂಗ್ ಕುಗ್ಗಿ ಮೇಲಿನ ಗೋಪುರ ಸೊಟ್ಟಗಾಗುತ್ತದೆ. ಟೈಲರ್ ಹತ್ತಿರ ಅಳತೆ ಬ್ಲೌಸ್ ಕೊಟ್ಟು ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಮಾತ್ರ ಹಾಕಿಸಿಕೊಂಡು ಬನ್ನಿ, ಕತ್ತರಿಸಲು ಬಿಡಬೇಡಿ. ಕಸೂತಿ ಮುಗಿದ ಮೇಲೆ ಕತ್ತರಿ. ನಮ್ಮ ಮಾಸ್ಟರ್ ಮೊದಲ ಸಲ ಇದಕ್ಕೆ ಗೊಣಗಿದರು, ಈಗ ಅವರೇ ಬೇರೆ ಗಿರಾಕಿಗಳಿಗೆ ಹೇಳುತ್ತಾರೆ. ಕೆಂಪು, ಮರೂನ್ ದಾರವನ್ನು ಹೊಲಿಯುವ ಮೊದಲು ಒದ್ದೆ ಬಿಳಿ ಬಟ್ಟೆಯಲ್ಲಿ ಸುತ್ತಿ ಇಸ್ತ್ರಿ ಒತ್ತಿ ನೋಡಿ. ಬಿಳಿಗೆ ಬಣ್ಣ ಹತ್ತಿದರೆ ಆ ಲಡಿಯನ್ನು ಮಕ್ಕಳ ಗಾಳಿಪಟಕ್ಕೆ ಕೊಟ್ಟುಬಿಡಿ. ಉಪ್ಪುನೀರಲ್ಲಿ ಅದ್ದಿದರೆ ಬಣ್ಣ ನಿಲ್ಲುತ್ತದೆ ಅಂತಾರೆ, ನನ್ನ ಕೈಯಲ್ಲಿ ಒಂದು ಸಲವೂ ನಿಂತಿಲ್ಲ. ದಿನಾ ತೊಡಲು ರೇಷ್ಮೆ ದಾರ ಬೇಡ, ಹತ್ತಿಯದೇ ಸಾಕು. ಆರೆಳೆಯ ಲಡಿ ಸಿಗುತ್ತದಲ್ಲ, ಅದರಲ್ಲಿ ಎರಡೆಳೆ ಬೇರೆ ಮಾಡಿಕೊಂಡರೆ ರುಬಿಯಾಗೆ ಸರಿಹೋಗುತ್ತದೆ. ಒಗೆಯುವಾಗ ಒಳಮೈ ಹೊರಗೆ, ಇಸ್ತ್ರಿ ಮಾಡುವಾಗ ಕೆಳಗೆ ಟವೆಲ್ ಹಾಸಿ ಹಿಂದಿನಿಂದ.

ಈ ಥರದ್ದಕ್ಕೂ ನಿಮ್ಮ ಭಾನುವಾರದ ಪುಟದಲ್ಲಿ ಜಾಗ ಕೊಡಿ ಅಂತ ಕೇಳಿಕೊಳ್ಳುತ್ತೇನೆ. ಇಡೀ ಪುಟ ಬೇಡ, ಮೂಲೆಯಾದರೂ ಸರಿ. ಬೇಕಾದರೆ ನನ್ನ ಪುಟ್ಟ ಗೋಪುರದ ಎಣಿಕೆಯನ್ನು ಚೌಕುಳಿ ಕಾಗದದ ಮೇಲೆ ಬರೆದು ಕಳಿಸುತ್ತೇನೆ, ಮೂರನೇ ಮೆಟ್ಟಿಲು ಸರಿಯಾಗಿ ನೋಡಿಯೇ ಕಳಿಸುತ್ತೇನೆ. ಅಚ್ಚು ಹಾಕುವುದಾದರೆ ಚೌಕಗಳನ್ನು ಸ್ವಲ್ಪ ದೊಡ್ಡದಾಗಿ ಹಾಕಿಸಿ. ನನ್ನ ವಯಸ್ಸಿನವರು ರೈಲಿನಲ್ಲಿ ಕೂತು ಎಣಿಸಬೇಕು.

ಇಂತು ನಿಮ್ಮ ಓದುಗರಲ್ಲಿ ಒಬ್ಬಳು,
ಡೊಂಬಿವಲಿ ಪೂರ್ವ